ಕರಪತ್ರಕ್ಕೆ ಬೆದರುವ ಭಕ್ತಿ

ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ರಾಮತೀರ್ಥ ದೇವಸ್ಥಾನವಿದೆ. 2025ರ ಮೇ ತಿಂಗಳಲ್ಲಿ ಮೂವರು ಮುಸ್ಲಿಮರು ಅಲ್ಲಿಗೆ ಬಂದವರ ಕೈಗೆ ಕರಪತ್ರ ಕೊಟ್ಟು ಇಸ್ಲಾಂ ಬಗ್ಗೆ ಹೇಳುತ್ತಿದ್ದರು, ಹಿಂದೂ ಧರ್ಮವನ್ನು ಹೀಗಳೆದರು, ದುಬೈನಲ್ಲಿ ನೌಕರಿ ಕೊಡಿಸುವ, ವಾಹನ ಕೊಡಿಸುವ ಆಸೆಯನ್ನೂ ತೋರಿಸಿದರು ಎಂದು ಒಬ್ಬರು ಪೊಲೀಸರಿಗೆ ದೂರಿತ್ತರು. ಮತಾಂತರ ನಿಷೇಧ ಕಾಯ್ದೆಯಡಿ ಎಫ್‌ಐಆರ್ ಆಯಿತು; ಜೊತೆಗೆ ಧಾರ್ಮಿಕ ಭಾವನೆ ಕೆರಳಿಸಿದ ಆರೋಪವೂ ಸೇರಿತು. ಜುಲೈ ತಿಂಗಳಲ್ಲಿ ಹೈಕೋರ್ಟ್ ಆ ಎಫ್‌ಐಆರ್ ರದ್ದು ಮಾಡಿತು. ದೂರು ಕೊಟ್ಟಾತ ಮತಾಂತರಗೊಂಡವನಲ್ಲ, ಅಂಥವರ ಬಂಧುವೂ ಅಲ್ಲ, ಹಾಗಾಗಿ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಅವನಿಗೆ ದೂರು ಕೊಡುವ ಹಕ್ಕಿಲ್ಲ ಎಂದಿತು. ದೂರಿನಲ್ಲಿರುವುದನ್ನೆಲ್ಲ ನಿಜವೆಂದೇ ಒಪ್ಪಿದರೂ ಕಾಯ್ದೆ ಹೇಳುವ ಅಪರಾಧ ಅಲ್ಲಿ ಕಾಣುವುದಿಲ್ಲ ಎಂದೂ ಸೇರಿಸಿತು.

ತೀರ್ಪು ಸರಿಯಾಗಿದೆ. ಆದರೆ ಅದರಿಂದ ನೆಮ್ಮದಿಪಡುವಂಥದ್ದು ಹೆಚ್ಚೇನಿಲ್ಲ. ದೂರು ಕೊಟ್ಟವನು ಸರಿಯಾದವನಲ್ಲ ಎಂಬ ಕಾರಣಕ್ಕೆ ಬಿದ್ದ ಪ್ರಕರಣ, ನಾಳೆ ಸರಿಯಾದವನು ಸಿಕ್ಕರೆ ನಿಲ್ಲುತ್ತದೆ. ದೂರದ ಚಿಕ್ಕಪ್ಪನೋ ಜೊತೆಯಲ್ಲಿ ಕೆಲಸ ಮಾಡುವವನೋ ಸಹಿ ಹಾಕಿದರೆ ಸಾಕು, ಕಾಯ್ದೆಯಲ್ಲಿ ಅವರಿಗೂ ಜಾಗವಿದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ನನ್ನ ದೇವರು ಸುಳ್ಳು, ತನ್ನ ದೇವರೇ ನಿಜ ಎಂದು ಒಬ್ಬ ನಡುಬೀದಿಯಲ್ಲಿ ನಿಂತು ಹೇಳಬಹುದೇ, ಹೇಳಬಾರದೇ? ಹೇಳಬಹುದು ಎನ್ನುವುದು ನನ್ನ ಉತ್ತರ. ಅದು ನನಗೆ ಎಷ್ಟೇ ಕಹಿಯಾಗಿರಲಿ, ಅವನ ಮಾತು ಎಷ್ಟೇ ಒರಟಾಗಿರಲಿ. ತಡೆಯಬೇಕಾದದ್ದು ಗದ್ದಲವನ್ನು, ಬೆದರಿಕೆಯನ್ನು, ಎದ್ದು ಹೋಗಲಾರದವರ ಮುಂದೆ ಮಾಡುವ ಉಪದೇಶವನ್ನು. ವಾದವನ್ನು ತಡೆಯುವ ಕೆಲಸ ಪೊಲೀಸ್ ಠಾಣೆಯದಲ್ಲ.

ಜಮಖಂಡಿ ಇರುವ ಜಿಲ್ಲೆಯಲ್ಲೇ ಕೂಡಲಸಂಗಮವೂ ಇದೆ. ಬಸವಣ್ಣನವರು ಐಕ್ಯರಾದ ನೆಲ ಎಂದು ನಾಡೆಲ್ಲ ನಂಬುವ ಊರು. ಹನ್ನೆರಡನೆಯ ಶತಮಾನದ ಶರಣರು ಮಾಡಿದ್ದಾದರೂ ಏನು? ದೇವರು ಒಬ್ಬನೇ ಎಂದರು. ಊರೂರಿನ ಸಣ್ಣಪುಟ್ಟ ದೈವಗಳನ್ನು ನಕ್ಕು ಹಂಗಿಸಿದರು. ಯಾಗದ ಹೊಗೆಯನ್ನು, ತೀರ್ಥದ ಮುಳುಗನ್ನು, ಜಾತಿಯ ಮಡಿಯನ್ನು ಬಯಲಲ್ಲಿ ನಿಂತು ಬೈದರು. ಅಂಬಿಗರ ಚೌಡಯ್ಯನ ಬಾಯಿಗಂತೂ ಕಡಿವಾಣವೇ ಇರಲಿಲ್ಲ. ಆತನ ಎಷ್ಟೋ ವಚನಗಳನ್ನು ಇವತ್ತಿನ ಸಭೆಯಲ್ಲಿ ಓದಲು ನಮ್ಮ ಪ್ರಾಧ್ಯಾಪಕರೇ ಹಿಂದೆಮುಂದೆ ನೋಡುತ್ತಾರೆ. ಕೇಳಿದವರ ಭಾವನೆಗೆ ನೋವಾಗಲಿಲ್ಲವೇ? ಆಗಿಯೇ ಇರುತ್ತದೆ, ಆಗಲೆಂದೇ ಅವರು ಆಡಿದ್ದು. ಆ ಮಾತುಗಳನ್ನು ನಾವು ಪಠ್ಯದಲ್ಲಿಟ್ಟೆವು, ವಿಧಾನಸೌಧದಲ್ಲಿ ಸ್ಮರಿಸುತ್ತೇವೆ, ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಸರ್ಕಾರವೇ ಘೋಷಿಸಿದೆ. ಅದೇ ಧಾಟಿಯ ಮಾತನ್ನು ಗಡ್ಡ ಬಿಟ್ಟವನೊಬ್ಬ, ಇಲ್ಲವೇ ಬೈಬಲ್ ಹಿಡಿದವನೊಬ್ಬ ಆಡಿದರೆ ಮಾತ್ರ ಜಾಮೀನು ಸಿಗದ ಕಲಮು ಹುಡುಕುತ್ತೇವೆ.

ಸಂವಿಧಾನ ಬರೆದವರು ಈ ತೊಡಕನ್ನು ಕಂಡಿರಲಿಲ್ಲವೆಂದೇನಲ್ಲ. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಈಗಿನ 25ನೇ ವಿಧಿ ಚರ್ಚೆಗೆ ಬಂದಾಗ, ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ತೆಗೆದುಹಾಕಬೇಕೆಂದು ಒಡಿಶಾದ ಲೋಕನಾಥ ಮಿಶ್ರ ಪಟ್ಟು ಹಿಡಿದರು. ತಜಮ್ಮುಲ್ ಹುಸೇನ್ ಇನ್ನೂ ಮುಂದೆ ಹೋಗಿ, ಧರ್ಮ ಮನೆಯೊಳಗಿನ ಖಾಸಗಿ ವಿಷಯವಾಗಿರಲಿ ಎಂದರು. ಉತ್ತರ ಕೊಟ್ಟವರಲ್ಲಿ ಟಿ.ಟಿ. ಕೃಷ್ಣಮಾಚಾರಿ ಇದ್ದರು, ತಾವು ವರ್ಷಗಟ್ಟಲೆ ಕ್ರೈಸ್ತ ಸಂಸ್ಥೆಯಲ್ಲಿ ಓದಿದರೂ ತಮ್ಮನ್ನು ಯಾರೂ ಮತಾಂತರಿಸಲು ಬರಲಿಲ್ಲ ಎಂದು ನೆನೆದರು. ಕೆ.ಎಂ. ಮುನ್ಷಿ ಇದ್ದರು, ಅವರನ್ನು ಹಿಂದೂ ವಿರೋಧಿ ಎನ್ನಲು ಯಾರಿಗೂ ಸಾಧ್ಯವಿಲ್ಲ, ಸೋಮನಾಥ ದೇವಾಲಯದ ಮರುನಿರ್ಮಾಣಕ್ಕೆ ನಿಂತವರು ಅವರು. ಈ ಹಕ್ಕನ್ನು ಇಲ್ಲಿ ಬರೆಯದಿದ್ದರೂ ವಾಕ್ ಸ್ವಾತಂತ್ರ್ಯದಡಿ ಅದು ಹೇಗೂ ಇರುತ್ತದೆ ಎಂಬುದು ಮುನ್ಷಿಯವರ ವಾದ. ದೇಶ ಒಡೆದು ರಕ್ತ ಆರದಿದ್ದ ಹೊತ್ತಿನಲ್ಲಿ, ಗಾಂಧಿ ಕೊಲೆಯಾದ ವರ್ಷದಲ್ಲಿ, ಆ ಸಭೆ ಪ್ರಚಾರದ ಹಕ್ಕನ್ನು ಉಳಿಸಿಕೊಂಡಿತು. ನಮಗೆ ಇವತ್ತು ಅಷ್ಟು ಧೈರ್ಯವೂ ಇಲ್ಲವಾಯಿತೇ?

ದಾರಿ ತಪ್ಪಿದ್ದು 1977ರಲ್ಲಿ ಎಂದು ನಾನು ಭಾವಿಸುತ್ತೇನೆ. ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಮಧ್ಯಪ್ರದೇಶ ಮತ್ತು ಒಡಿಶಾದ ಕಾಯ್ದೆಗಳನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಇದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಇಲ್ಲ ಎಂದಿತು. ಕೇಳಲು ಸಮಂಜಸವೇ. ಆದರೆ ಕೇಳುಗನ ಮನಸ್ಸು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಹೇಳುವವನು ಎಳೆಯುತ್ತಾನೆ, ಕೇಳುವವನು ಎಳೆದತ್ತ ಹೋಗುತ್ತಾನೆ ಎಂಬ ನಂಬಿಕೆಯ ಮೇಲೆ ಆಮೇಲೆ ಬಂದ ಕಾಯ್ದೆಗಳೆಲ್ಲ ನಿಂತಿವೆ.

ಕರ್ನಾಟಕದ 2022ರ ಕಾಯ್ದೆಯನ್ನೇ ತೆಗೆದುನೋಡಿ. ಬಲವಂತ, ವಂಚನೆ, ಆಮಿಷಗಳಿಂದ ಮತಾಂತರಿಸಿದರೆ 3ರಿಂದ 5 ವರ್ಷ ಜೈಲು. ಮತಾಂತರಗೊಂಡವರು ಅಪ್ರಾಪ್ತರೋ, ಹೆಂಗಸೋ, ಪರಿಶಿಷ್ಟ ಜಾತಿ ಅಥವಾ ಪಂಗಡದವರೋ ಆಗಿದ್ದರೆ 10 ವರ್ಷದವರೆಗೆ. ಅಂದರೆ ಡಾಕ್ಟರೇಟ್ ಪಡೆದ ದಲಿತನೂ, ಜಿಲ್ಲಾಧಿಕಾರಿ ಹೆಣ್ಣುಮಗಳೂ ಕಾನೂನಿನ ಕಣ್ಣಲ್ಲಿ ಶಾಲೆಗೆ ಹೋಗುವ ಮಗುವಿನ ಸಾಲಿನಲ್ಲಿದ್ದಾರೆ. ಅವರ ತಲೆಯನ್ನು ಯಾರು ಬೇಕಾದರೂ ಕೆಡಿಸಬಹುದು. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಫಾರಂ ತುಂಬಿ ಕೊಡಬೇಕು, ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಆಕ್ಷೇಪಣೆ ಕರೆಯಲಾಗುತ್ತದೆ. ಇಬ್ಬರು ಒಟ್ಟಿಗೆ ಮತ ಬದಲಿಸಿದರೂ ಅದಕ್ಕೆ ‘ಸಾಮೂಹಿಕ ಮತಾಂತರ’ ಎಂದೇ ಹೆಸರು. ತನ್ನ ಹಿಂದಿನ ಧರ್ಮಕ್ಕೆ ಮರಳಿದರೆ ಮಾತ್ರ ಅದು ಮತಾಂತರವೇ ಅಲ್ಲವಂತೆ! ಬಾಗಿಲು ಒಳಕ್ಕೆ ತೆರೆಯುತ್ತದೆ, ಹೊರಕ್ಕೆ ತೆರೆಯುವುದಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದ ಬಯಲಿನಲ್ಲಿ ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ಅಂದು ಅವರು ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು, ರಾಮ, ಕೃಷ್ಣರನ್ನು ದೇವರೆಂದು ನಂಬುವುದಿಲ್ಲ, ಪೂಜಿಸುವುದಿಲ್ಲ ಎಂಬ ಮಾತಿದೆ. ಸಾರ್ವಜನಿಕ ಸ್ಥಳ, ಬಹಿರಂಗ ಬೋಧನೆ, ಇನ್ನೊಂದು ಮತದ ದೇವರುಗಳ ನಿರಾಕರಣೆ, ಸಾಮೂಹಿಕ ಮತಾಂತರ ಎಲ್ಲವೂ ಅಲ್ಲಿದ್ದವು. ಅವರ ಪಟವನ್ನು ಪ್ರತಿ ಸರ್ಕಾರಿ ಕಚೇರಿಯಲ್ಲಿ ತೂಗುಹಾಕಿರುವ ನಾವು, ಜಮಖಂಡಿಯ ಕರಪತ್ರವೊಂದರ ಮೇಲೆ ಎಫ್‌ಐಆರ್ ಹಾಕಿದೆವು.

‘ಬಡವರಿಗೆ ಅಕ್ಕಿ, ದುಡ್ಡು ಕೊಟ್ಟು ಸೆಳೆಯುತ್ತಾರಲ್ಲ?’ ಎನ್ನುವವರಿದ್ದಾರೆ. ದುಡ್ಡು ಕೊಟ್ಟು ನಂಬಿಕೆ ಕೊಳ್ಳುವುದು ಹೇಸಿಗೆಯ ಕೆಲಸ, ಅದನ್ನು ಸಮರ್ಥಿಸುವ ಅಗತ್ಯ ನನಗಿಲ್ಲ. ಮೋಸವಾಗಿದ್ದರೆ ವಂಚನೆಗೆ, ಹೆದರಿಸಿದ್ದರೆ ಬೆದರಿಕೆಗೆ ಸಾಮಾನ್ಯ ಕಾನೂನಿನಲ್ಲೇ ಶಿಕ್ಷೆ ಇದೆ. ಅಷ್ಟು ಸಾಲದೆನ್ನುವವರು, ಚುನಾವಣೆ ಹೊತ್ತಿಗೆ ಅದೇ ಬಡವರ ಕೈಗೆ ಸೀರೆ, ಕುಕ್ಕರ್ ಇಟ್ಟವರನ್ನು ಗೆಲ್ಲಿಸಿ ಕಳಿಸುವಾಗ ಯಾಕೆ ಸುಮ್ಮನಿರುತ್ತಾರೋ ತಿಳಿಯದು.

ಗದ್ದಲದ ವಿಷಯಕ್ಕೆ ಬರೋಣ. ಇಲ್ಲಿ ನಾನು ಯಾವ ಪ್ರಚಾರಕನಿಗೂ ರಿಯಾಯಿತಿ ಕೊಡಲು ಸಿದ್ಧನಿಲ್ಲ. ಕರಪತ್ರವನ್ನು ಬೇಡವೆಂದರೆ ಹಿಂದಿರುಗಿಸಬಹುದು, ಮುದುರಿ ಬುಟ್ಟಿಗೆ ಹಾಕಬಹುದು. ಕಂಬಕ್ಕೆ ಕಟ್ಟಿದ ಮೈಕಿನಿಂದ ತಪ್ಪಿಸಿಕೊಳ್ಳಲು ಊರು ಬಿಡಬೇಕು. ಚೆನ್ನೈನ ಪ್ರಾರ್ಥನಾ ಮಂದಿರವೊಂದರ ಡೋಲು, ಧ್ವನಿವರ್ಧಕಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಸ್ಪಷ್ಟಪಡಿಸಿದೆ: ಅಕ್ಕಪಕ್ಕದವರ ಶಾಂತಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ಅದೇ ವರ್ಷದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಈ ನಿಯಮವನ್ನು ನಮ್ಮ ಯಾವ ಊರು ಪಾಲಿಸುತ್ತದೆ? ಬೆಳಗಿನ ಜಾವದ ಆಜಾನ್ ಇರಲಿ, ಧನುರ್ಮಾಸದ ಸುಪ್ರಭಾತವಿರಲಿ, ಗಣೇಶನ ಮುಂದಿನ ಡಿಜೆ ಇರಲಿ, ಭಾನುವಾರದ ಪ್ರಾರ್ಥನಾ ಕೂಟವಿರಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುವ ಹುಡುಗಿಯ ಕಿವಿಗೆ ಇವುಗಳಲ್ಲಿ ವ್ಯತ್ಯಾಸವಿಲ್ಲ.

2022ರ ಬೇಸಿಗೆಯಲ್ಲಿ ಆಜಾನ್‌ಗೆ ಎದುರಾಗಿ ದೇವಸ್ಥಾನಗಳಲ್ಲಿ ಹನುಮಾನ್ ಚಾಲೀಸಾ, ಸುಪ್ರಭಾತ ಮೊಳಗಿಸುವ ಅಭಿಯಾನ ನಡೆಯಿತು. ಮೈಕಿಗೆ ಮೈಕೇ ಮದ್ದು ಎಂಬ ವಿಚಿತ್ರ ವೈದ್ಯ. ಅದೇ ಹೊತ್ತಿನಲ್ಲಿ ಹೈಕೋರ್ಟಿನ ಮುಂದೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ಬಂದಿತ್ತು. ಅದರ ತಕರಾರು ಶಬ್ದದ ಬಗ್ಗೆಯಷ್ಟೇ ಇರಲಿಲ್ಲ. ಆಜಾನ್‌ನ ಮಾತುಗಳೇ ಬೇರೆ ಧರ್ಮದವರ ನಂಬಿಕೆಗೆ ಧಕ್ಕೆ ಎಂದಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು, ಶಬ್ದದ ನಿಯಮ ಜಾರಿಯಾಗಲಿ ಎಂದು ಅಧಿಕಾರಿಗಳಿಗೆ ಹೇಳಿತು. ಗೆರೆ ಎಳೆಯಬೇಕಾದದ್ದು ಸರಿಯಾಗಿ ಅಲ್ಲೇ. ಏನು ಹೇಳಿದ ಎಂಬುದು ಸರ್ಕಾರಕ್ಕೆ ಬೇಡ, ಎಷ್ಟು ಜೋರಾಗಿ ಹೇಳಿದ ಎಂಬುದು ಬೇಕು.

ಪೊಲೀಸರ ಮಾಮೂಲಿ ಸಬೂಬು ಇನ್ನೊಂದಿದೆ: ‘ಜನ ಸೇರಿದ್ದರು, ಗಲಾಟೆಯಾಗುತ್ತಿತ್ತು, ಅದಕ್ಕೇ ಅವರನ್ನು ಕರೆದೊಯ್ದೆವು.’ ಕರೆದೊಯ್ದದ್ದು ಯಾರನ್ನು? ಮಾತಾಡಿದವನನ್ನು, ಹೊಡೆಯಲು ಬಂದವನನ್ನಲ್ಲ. ಇಂಗ್ಲೆಂಡಿನ ವೇಕ್‌ಫೀಲ್ಡ್‌ನಲ್ಲಿ ಕೆಥೆಡ್ರಲ್ ಮೆಟ್ಟಿಲ ಮೇಲೆ ನಿಂತು ಉಪದೇಶ ಮಾಡುತ್ತಿದ್ದ ಮೂವರು ಹೆಂಗಸರನ್ನು ಪೊಲೀಸರು ಇದೇ ನೆಪದಲ್ಲಿ ಬಂಧಿಸಿದ್ದರು. 1999ರಲ್ಲಿ ನ್ಯಾಯಮೂರ್ತಿ ಸೆಡ್ಲಿ, ಶಾಂತಿಭಂಗದ ಭಯ ಇದ್ದದ್ದು ಉಪದೇಶಿಸಿದವರಿಂದಲ್ಲ, ಎದುರು ಕೂಗಿದವರಿಂದ ಎಂದು ತೀರ್ಪಿತ್ತರು. ಅದಕ್ಕೂ ಹತ್ತು ವರ್ಷ ಮೊದಲೇ ನಮ್ಮ ಸುಪ್ರೀಂ ಕೋರ್ಟ್ ರಂಗರಾಜನ್ ಪ್ರಕರಣದಲ್ಲಿ, ಮೀಸಲಾತಿ ಕುರಿತ ತಮಿಳು ಚಿತ್ರವೊಂದರ ವಿಷಯವಾಗಿ, ಪ್ರತಿಭಟನೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಅದುಮುವಂತಿಲ್ಲ, ರಕ್ಷಣೆ ಕೊಡುವುದು ಸರ್ಕಾರದ ಹೊಣೆ ಎಂದಿತ್ತು. ನಮ್ಮ ಠಾಣೆಗಳಿಗೆ ಆ ತೀರ್ಪು ಇನ್ನೂ ತಲುಪಿದಂತಿಲ್ಲ.

ನೊಂದ ಭಾವನೆಗೆ ಅಧಿಕಾರ ಕೊಟ್ಟರೆ ಏನಾಗುತ್ತದೆಂದು ಕರ್ನಾಟಕ ಎರಡೂ ಕಡೆಯಿಂದ ಕಂಡಿದೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನಲ್ಲೂ ಬೇರೆ ಊರುಗಳಲ್ಲೂ ಚರ್ಚುಗಳ ಮೇಲೆ ದಾಳಿಯಾಯಿತು. ‘ಸತ್ಯದರ್ಶಿನಿ’ ಎಂಬ ಪುಸ್ತಕದಲ್ಲಿ ಹಿಂದೂ ದೇವತೆಗಳನ್ನು ಹೀನಾಯವಾಗಿ ಬರೆದಿದ್ದಾರೆ ಎಂಬುದು ದಾಳಿಯನ್ನು ಸಮರ್ಥಿಸಿದವರು ಕೊಟ್ಟ ಕಾರಣ. ಅಂಥ ಪುಸ್ತಕ ಕೊಳಕೆಂದೇ ಇಟ್ಟುಕೊಳ್ಳೋಣ. ಅದಕ್ಕೂ ಮಿಲಾಗ್ರಿಸ್ ಬಳಿಯ ಮಠದಲ್ಲಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸುವ ಕೆಥೊಲಿಕ್ ಸನ್ಯಾಸಿನಿಯರಿಗೂ ಏನು ಸಂಬಂಧ? 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ, ಪ್ರವಾದಿಯವರ ಬಗ್ಗೆ ಬಂದ ಫೇಸ್‌ಬುಕ್ ಬರಹಕ್ಕೆ ಕೆರಳಿದ ಗುಂಪು ಶಾಸಕರ ಮನೆಗೆ, ಪೊಲೀಸ್ ಠಾಣೆಗೆ ಬೆಂಕಿ ಹಚ್ಚಿತು. ಗೋಲಿಬಾರ್‌ನಲ್ಲಿ ಮೂವರು ಸತ್ತರು. ಈ ಎರಡರಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವವರೊಂದಿಗೆ ವಾಕ್ ಸ್ವಾತಂತ್ರ್ಯದ ಚರ್ಚೆ ಮಾಡುವುದು ದಂಡ. ಕರಪತ್ರ ಹಂಚುವ ಹಕ್ಕು ಕೇಳುವ ಮೌಲ್ವಿಯೂ ಪಾದ್ರಿಯೂ, ತಮ್ಮ ಮಸೀದಿಯ, ಇಗರ್ಜಿಯ ಎದುರಿನ ಬೀದಿಯಲ್ಲಿ ನಾಸ್ತಿಕನೊಬ್ಬ ಕರಪತ್ರ ಹಂಚಿದರೆ ಸಹಿಸಬೇಕು. ಆ ನಾಸ್ತಿಕನ ಪಾಡು ಎಲ್ಲರಿಗಿಂತ ಕಷ್ಟದ್ದು. ವಿಗ್ರಹಗಳ ಬಗ್ಗೆ ಆಡಿದ ಮಾತಿಗೆ ಸಂಶೋಧಕ ಎಂ.ಎಂ. ಕಲಬುರ್ಗಿಯವರು ಎಷ್ಟು ಬೈಗುಳ ತಿಂದರು, 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಬಾಗಿಲಲ್ಲಿ ಏನಾಯಿತು ಎಂಬುದು ನಾಡಿಗೆ ಗೊತ್ತು.

ಮಿತಿಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಗುಡಿಯ ಒಳಾಂಗಣ ಬೀದಿಯಲ್ಲ. ಅಲ್ಲಿ ಬೇರೆ ಮತದ ಬೋಧನೆ ಬೇಡವೆಂದು ಆಡಳಿತ ಮಂಡಳಿ ಹೊರಗೆ ಕಳಿಸಬಹುದು, ಮಸೀದಿಗೂ ಚರ್ಚಿಗೂ ಅದೇ ಮಾತು. ಹೊರಗೆ ಕಳಿಸುವುದಕ್ಕೂ ಜೈಲಿಗೆ ಕಳಿಸುವುದಕ್ಕೂ ಅಂತರವಿದೆ, ಅಷ್ಟೇ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವನಿಗೆ ಡಾಕ್ಟರು, ತರಗತಿಯ ಮಕ್ಕಳಿಗೆ ಮೇಷ್ಟ್ರು, ಅರ್ಜಿ ಹಿಡಿದು ನಿಂತವನಿಗೆ ತಹಶೀಲ್ದಾರರು ತಮ್ಮ ಧರ್ಮ ಬೋಧಿಸಕೂಡದು. ಕೇಳುಗ ಎದ್ದು ಹೋಗಲಾರ, ಎದುರಾಡಲಾರ. ಸರ್ಕಾರದ ದುಡ್ಡಿನಲ್ಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಬೇಡವೆಂದು 28ನೇ ವಿಧಿ ಹೇಳುವುದೂ ಇದೇ ವಿವೇಕದಿಂದ. ಇಂಥವರನ್ನು ಕೊಲ್ಲಿ, ಇವರ ಅಂಗಡಿ ಸುಡಿ ಎನ್ನುವವನು ಯಾವ ವೇದಿಕೆಯಲ್ಲಿದ್ದರೂ, ಯಾವ ಬಣ್ಣದ ಶಾಲು ಹೊದ್ದಿದ್ದರೂ ಬಂಧನಕ್ಕೆ ಅರ್ಹ. ಆದರೆ ನಮ್ಮಲ್ಲಿ ಅವನಿಗೆ ಪೊಲೀಸ್ ಬಂದೋಬಸ್ತು, ಕರಪತ್ರದವನಿಗೆ ಎಫ್‌ಐಆರ್.

ಸಿದ್ದರಾಮಯ್ಯನವರ ಸಂಪುಟ 2022ರ ಕಾಯ್ದೆಯನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಜಮಖಂಡಿಯ ಎಫ್‌ಐಆರ್ ದಾಖಲಾದದ್ದು ಅದಾಗಿ ಸುಮಾರು ಎರಡು ವರ್ಷದ ಮೇಲೆ, ಅದೇ ಕಾಯ್ದೆಯಡಿ, ಅದೇ ಸರ್ಕಾರದ ಪೊಲೀಸರಿಂದ. ಸಂಪುಟದ ಮಾತು ಸದನದಲ್ಲಿ ಮಸೂದೆಯಾಗಿ ಬರಲಿ. ವಿರೋಧ ಪಕ್ಷ ಬೇಕಾದಷ್ಟು ಕೂಗಾಡಲಿ, ಅದು ಅವರ ಹಕ್ಕು. ಆದರೆ ಪತ್ರಿಕಾಗೋಷ್ಠಿಯಲ್ಲಿ ಕಾಯ್ದೆ ಸತ್ತಿದೆ ಎಂದು ಹೇಳಿ, ಠಾಣೆಯಲ್ಲಿ ಅದನ್ನು ಬದುಕಿಸಿಟ್ಟುಕೊಳ್ಳುವ ಆಟವನ್ನು ಮುಖ್ಯಮಂತ್ರಿಗಳು ನಿಲ್ಲಿಸಬೇಕು.