ಗದ್ದೆಯ ಲೆಕ್ಕಕ್ಕೆ ಮಗನ ಕಿರಾಣಿ ಚೀಟಿಯೂ ಸೇರಲಿ

ಭತ್ತ ಬೆಳೆದರೆ ನಷ್ಟ ಎನ್ನುವುದು ನಮ್ಮ ಕವಲೇದುರ್ಗದ ಸುತ್ತ ಎಲ್ಲರ ಮಾತು. ನಾನೂ ಹಾಗೇ ಹೇಳುತ್ತಿದ್ದೆ. ನನ್ನದು ಮಕ್ಕಿಗದ್ದೆ. ಮಳೆಗಾಲದಲ್ಲಿ ಎಷ್ಟು ಸುರಿದರೂ ದೀಪಾವಳಿ ಕಳೆದ ಮೇಲೆ ಹನಿ ನೀರಿಲ್ಲ. ಮಳೆ ನಂಬಿ ಒಂದು ಭತ್ತ, ಆಮೇಲೆ ನೆಲದ ಪಸೆಯಲ್ಲಿ ಒಂದಿಷ್ಟು ಉದ್ದು, ಹುರುಳಿ. ಅಷ್ಟೇ. ಇದನ್ನು ಬಿಟ್ಟು ಅಕೇಶಿಯಾ ನೆಡೋಣ ಅಂತ ತೀರ್ಮಾನ ಮಾಡಿಯಾಗಿತ್ತು. ಅದು ಅವಸರದ ತೀರ್ಮಾನ ಅಂತ ಗೊತ್ತಾದದ್ದು ಬೆಂಗಳೂರಿಗೆ ಹೋದಾಗ.

ಮಗ ಪೀಣ್ಯದ ಕಾರ್ಖಾನೆಯೊಂದಕ್ಕೆ ಸೇರಿ ದಾಸರಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿದ್ದಾನೆ. ಅಲ್ಲಿ ಹದಿನೈದು ದಿನ ಇದ್ದೆ. ಸಂಬಳ ಬಂದ ವಾರದಲ್ಲೇ ಬಾಡಿಗೆ, ಶಾಲೆ ಫೀಸಿಗೆ ಮುಕ್ಕಾಲು ಹೋಗುತ್ತೆ. ಉಳಿದದ್ದರಲ್ಲಿ ಅಡುಗೆಮನೆ ನಡೀಬೇಕು. ಮೂಲೆ ಅಂಗಡಿಯಿಂದ ಐದೈದು ಕಿಲೋ ಅಕ್ಕಿ, ಅರ್ಧ ಕಿಲೋ ಬೇಳೆ ತರುತ್ತಿದ್ದರು. ಅಕ್ಕಿ ಕಿಲೋಗೆ 60 ರೂಪಾಯಿ. ತಿಂಗಳ ಕೊನೆಗೆ ಸೊಸೆ ಬೇಳೆ ಕಡಿಮೆ ಮಾಡಿ ಸಾರಿಗೆ ನೀರು ಜಾಸ್ತಿ ಮಾಡುವುದನ್ನು ಕಂಡೆ. ಬೇಸಾಯಗಾರನ ಮೊಮ್ಮಗ ಉಣ್ಣುವ ಸಾರು ಅದು. ನನಗೆ ಊಟ ಸೇರಲಿಲ್ಲ.

ಪೇಟೆಯಲ್ಲಿ ಅಗ್ಗದ ದಾರಿ ಇಲ್ಲವೇ ಇಲ್ಲ ಅಂತಲ್ಲ. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡ್ ಅವರಿಗೆ ಹತ್ತಿರ. ಈಗ ಪಕ್ಕದ ಎರಡು ಮನೆಯವರ ಜೊತೆ ಸೇರಿ ಬೇಳೆ, ಈರುಳ್ಳಿಯನ್ನು ಮೂಟೆಯಲ್ಲಿ ತಂದು ಹಂಚಿಕೊಳ್ಳುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜೂ ಇಲ್ಲ. ತರಕಾರಿಗೆ ಹಾಪ್‌ಕಾಮ್ಸ್ ಇದೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು ಅದು. ಅಲ್ಲಿ ದರದ ಬೋರ್ಡ್ ನೋಡಿ ಆಮೇಲೆ ತಳ್ಳುಗಾಡಿಯವನ ಹತ್ತಿರ ಚೌಕಾಸಿ ಮಾಡಬಹುದು. ಬಿ.ಪಿ.ಎಲ್. ಕಾರ್ಡ್ ಊರಿನದ್ದಾದರೂ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು. ಇದು ಗೊತ್ತಿಲ್ಲದೆ ಬಿಟ್ಟವರು ನಮ್ಮೂರಿಂದ ಹೋದವರಲ್ಲೇ ಇದ್ದಾರೆ.

ಆದರೆ ನಾನು ಹೇಳಬೇಕೆಂದಿರುವುದು ನಮ್ಮ ಕಡೆಯ ತಪ್ಪು. ನಮ್ಮ ದುರ್ಗವನ್ನು ಆಳಿದ ಕೆಳದಿಯ ಶಿವಪ್ಪನಾಯಕ 17ನೇ ಶತಮಾನದಲ್ಲೇ ನೆಲದ ತರಗತಿ, ಫಸಲು ನೋಡಿ ಶಿಸ್ತು ಕಟ್ಟಿದ. ನಾವು ಈಗಲೂ ಅರ್ಧ ಲೆಕ್ಕ ಮಾತ್ರ ಬರೆಯುತ್ತೇವೆ. 2025–26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ನಾನು ಕಣಕ್ಕೆ ಬಂದ ವ್ಯಾಪಾರಿಗೆ ಕೊಟ್ಟದ್ದು 2,200ಕ್ಕೆ.

ಮಗನ ಮನೆಗೆ ವರ್ಷಕ್ಕೆ ಅಕ್ಕಿ 240 ಕಿಲೋ ಬೇಕು. ಕ್ವಿಂಟಾಲ್ ಭತ್ತಕ್ಕೆ 65 ಕಿಲೋ ಅಕ್ಕಿ ಹಿಡಿದರೆ ಭತ್ತ 370 ಕಿಲೋ. ಮಾರಿದರೆ ನನಗೆ ಬರುವುದು 8,140. ಅದನ್ನೇ ಮಿಲ್ ಮಾಡಿಸಲು 720, ಹತ್ತು ಮೂಟೆ ತೀರ್ಥಹಳ್ಳಿಯಿಂದ ಬಸ್ಸಿಗೆ ಹಾಕಲು 1,000. ಒಟ್ಟು 9,860 ಆಯ್ತು. ಅಂಗಡಿಯಲ್ಲಿ ಅವನು ಕೊಡುತ್ತಿದ್ದದ್ದು 14,400. ನಡುವಿನ 4,540 ರೂಪಾಯಿ ನಮ್ಮ ಮನೆಯದ್ದೇ ದುಡ್ಡು, ಬೇರೆಯವರಿಗೆ ಹೋಗುತ್ತಿತ್ತು. ತೌಡು ನಮ್ಮ ಕೊಟ್ಟಿಗೆಗೇ ಉಳಿಯಿತು.

"ಇಷ್ಟು ಅಕ್ಕಿ ಎಲ್ಲಿ ಇಡೋದು ಮಾವ, ಹುಳ ಬೀಳುತ್ತೆ" ಅಂದಳು ಸೊಸೆ. ಸರಿಯೇ. ಅದಕ್ಕೆ ಭತ್ತವನ್ನು ಭತ್ತವಾಗಿಯೇ ನಮ್ಮ ಪಣತದಲ್ಲಿ ಇಟ್ಟು, ಆಗಾಗ ಮಿಲ್ ಮಾಡಿಸಿ ಒಂದೊಂದೇ ಮೂಟೆ ಕಳಿಸುತ್ತೇನೆ. ಜೊತೆಗೆ ಉದ್ದು, ಹುರುಳಿ, ಸೂರಿಗೆ ಕಟ್ಟಿಟ್ಟ ಮೊಗೆಕಾಯಿ, ಕುಂಬಳ. ಇವು ತಿಂಗಳುಗಟ್ಟಲೆ ಕೆಡುವುದಿಲ್ಲ, ಬಸ್ಸಿನ ಕುಲುಕಾಟಕ್ಕೂ ಹೆದರುವುದಿಲ್ಲ. ಸೊಪ್ಪು, ಟೊಮೆಟೊ ಕಳಿಸಲು ಹೋಗಬಾರದು. ಒಮ್ಮೆ ಕಳಿಸಿದೆ, ಚೀಲದಲ್ಲೇ ಗೊಜ್ಜಾಯಿತು.

ಇದರಿಂದ ಭತ್ತದಲ್ಲಿ ಭಾರೀ ಲಾಭ ಅಂತ ಹೇಳಲಾರೆ. ಕೂಲಿ ಏರಿದೆ, ಕಾಡುಹಂದಿ ಕಾಟ ಇದ್ದೇ ಇದೆ. ಊರಲ್ಲಿ ನೆಲ ಇಲ್ಲದವರಿಗೆ ಈ ದಾರಿಯೂ ಇಲ್ಲ. ಆದರೆ ಇದ್ದವರು, ಕೊನೆಯ ಅರ್ಧ ಎಕರೆಗೂ ಗಿಡ ನೆಡುವ ಮುಂಚೆ, ಪೇಟೆಯಲ್ಲಿರುವ ಮಕ್ಕಳ ಕಿರಾಣಿ ಚೀಟಿ ಒಮ್ಮೆ ತರಿಸಿ ನೋಡಿ. ಅಕೇಶಿಯಾ ಮಾರಿದ ದುಡ್ಡಲ್ಲಿ 60 ರೂಪಾಯಿ ಅಕ್ಕಿ ಎಷ್ಟು ಬರುತ್ತೆ ಅಂತಲೂ ಲೆಕ್ಕ ಹಾಕಿ. ನನ್ನ ಮಕ್ಕಿಗದ್ದೆಗೆ ಈ ವರ್ಷವೂ ಭತ್ತವೇ. ಹೀಗೆ ಊರಿಂದ ಪೇಟೆಗೆ ದಿನಸಿ ಕಳಿಸುವವರು ಬೇರೆ ಇದ್ದರೆ ಅವರ ಲೆಕ್ಕವನ್ನೂ ಬರೆಯಲಿ.