ಹಳೆಯ ಬಟ್ಟೆಗೂ ಒಂದು ಬೆಲೆಯಿರಲಿ



ಮಳೆ ಹಿಡಿಯುವ ಮುಂಚೆ ಬೀರು ಖಾಲಿ ಮಾಡುವ ರೂಢಿ ನಮ್ಮ ಬಹುತೇಕ ಮನೆಗಳಲ್ಲುಂಟು. ಬೆಂಗಳೂರು ಸೇರಿದ ಮಕ್ಕಳು ಬಿಟ್ಟುಹೋದ ಷರಟು, ಸ್ವೆಟರು, ಶಾಲೆಯ ಚೀಲಗಳನ್ನು ಗಂಟು ಕಟ್ಟಿ ಲೈನಿನವರಿಗೆ ಕೊಟ್ಟುಬಿಡುತ್ತೇವೆ. ಗುಂಡಿ ಕಿತ್ತಿದೆಯೋ, ತೋಳು ಹರಿದಿದೆಯೋ ನೋಡುವವರು ಕಡಿಮೆ. ಪಡೆಯುವವರು ಬೇಡವೆನ್ನುವಂತಿಲ್ಲ. ಇದನ್ನು ದಾನವೆಂದು ಕರೆಯುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಯೋಚಿಸಬೇಕಾಗಿದೆ.

ಇದೇ ಪ್ರಶ್ನೆಗೆ ಅಮೆರಿಕದ ಬೋಸ್ಟನ್ ನಗರದಲ್ಲಿ 1902ರಲ್ಲಿ ಒಬ್ಬ ಪಾದ್ರಿ ಉತ್ತರ ಹುಡುಕಿದ. ಆತನ ಹೆಸರು ಎಡ್ಗರ್ ಹೆಲ್ಮ್ಸ್. ಆತನಿದ್ದ ಬಡಾವಣೆಯ ತುಂಬ ಪರದೇಶಗಳಿಂದ ಹೊಟ್ಟೆಪಾಡಿಗೆ ಬಂದವರು. ಕೆಲಸವಿಲ್ಲ, ಚಳಿಗೆ ಬಟ್ಟೆಯಿಲ್ಲ. ಹೆಲ್ಮ್ಸ್ ಗೋಣಿಚೀಲ ಹಿಡಿದು ಉಳ್ಳವರ ಮನೆ ಬಾಗಿಲಿಗೆ ಹೋಗಿ ಹಳೆಯ ಬಟ್ಟೆ, ಸಾಮಾನುಗಳನ್ನು ಕೇಳಿ ತಂದ. ಆದರೆ ತಂದದ್ದನ್ನು ಹಂಚಲಿಲ್ಲ. ಕೆಲಸವಿಲ್ಲದವರನ್ನೇ ಕೂರಿಸಿ ರಿಪೇರಿ ಮಾಡಿಸಿದ, ಅದಕ್ಕೆ ಕೂಲಿ ಕೊಟ್ಟ, ಸರಿಪಡಿಸಿದ ಮಾಲನ್ನು ಬಡವರ ಕೈಗೆಟುಕುವ ಬೆಲೆಗೆ ಮಾರಿದ. ಕೊಳ್ಳುವವನು ದುಡ್ಡು ಕೊಟ್ಟು ಕೊಳ್ಳುತ್ತಾನೆ, ಆದ್ದರಿಂದ ಆರಿಸುತ್ತಾನೆ, ಚೌಕಾಶಿಯನ್ನೂ ಮಾಡುತ್ತಾನೆ. ದಾನ ಪಡೆದವನಿಗೆ ಈ ಅಧಿಕಾರವೆಲ್ಲಿಯದು?

ಅದೇ ಮುಂದೆ ಗುಡ್‌ವಿಲ್ ಇಂಡಸ್ಟ್ರೀಸ್ ಎಂದು ಹೆಸರಾಯಿತು. ಇಂದು ಅಮೆರಿಕ, ಕೆನಡಾಗಳಲ್ಲಿ ಇದರ 150ಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳೂ 3 ಸಾವಿರಕ್ಕೂ ಮಿಕ್ಕಿ ಅಂಗಡಿಗಳೂ ಇವೆ. ಒಂದೊಂದು ಊರಿನ ಸಂಸ್ಥೆಗೂ ಅದರದೇ ಆಡಳಿತ ಮಂಡಳಿ, ಮೇಲೊಂದು ಮಹಾಸಂಘ. ಸಹಕಾರಿಗಳಾದ ನಮಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಯ ಆದಾಯದಿಂದ ಉದ್ಯೋಗ ತರಬೇತಿ ನಡೆಯುತ್ತದೆ. ಅರ್ಜಿ ಬರೆಯುವುದು, ಸಂದರ್ಶನಕ್ಕೆ ತಯಾರಾಗುವುದು, ಕಂಪ್ಯೂಟರ್ ಕಲಿಯುವುದು ಮುಂತಾಗಿ. ಅಂಗವಿಕಲರು, ಜೈಲಿನಿಂದ ಹೊರಬಂದವರು, ಇವರಿಗೆ ಯಾರು ಕೆಲಸ ಕೊಡುತ್ತಾರೆ? ಅಂಥವರ ಪರವಾಗಿ ಸರ್ಕಾರದ ಮುಂದೆ ವಾದಿಸುವುದೂ ಇದರ ಕೆಲಸವೇ.

ಇಲ್ಲಿ ಮಾಲಿನ ವಿಂಗಡಣೆಯ ವಿಷಯ ಸ್ವಲ್ಪ ಹೇಳಬೇಕು, ನಮಗದು ಚೆನ್ನಾಗಿ ಅರ್ಥವಾಗುತ್ತದೆ. ಬಂದ ರಾಶಿಯನ್ನು ನಾವು ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡುವಂತೆಯೇ ಅಲ್ಲಿ ಬಟ್ಟೆಯನ್ನು ಬೇರೆ ಮಾಡುತ್ತಾರೆ. ಒಳ್ಳೆಯದು ಅಂಗಡಿಗೆ. ಅಲ್ಲಿ ಹೋಗದ್ದು ತೂಕದ ಲೆಕ್ಕದ ಮಳಿಗೆಗೆ. ಅಲ್ಲೂ ಹೋಗದ್ದು ಸಗಟು ವ್ಯಾಪಾರಿಗಳಿಗೆ. ಪಾಶ್ಚಾತ್ಯ ದೇಶಗಳ ಇಂಥ ಹಳೆಯ ಉಣ್ಣೆ ಬಟ್ಟೆ ಹಡಗೇರಿ ನಮ್ಮ ಹರಿಯಾಣದ ಪಾಣಿಪತ್ತಿಗೂ ಬರುತ್ತದೆ. ಅಲ್ಲಿ ಅದನ್ನು ಚಿಂದಿ ಮಾಡಿ, ಮತ್ತೆ ನೂಲು ತೆಗೆದು ಅಗ್ಗದ ಕಂಬಳಿ ನೇಯುತ್ತಾರೆ.

ಎಲ್ಲವೂ ಹೊಗಳಿಕೆಗೆ ತಕ್ಕದ್ದೆಂದು ನಾನು ಹೇಳುವುದಿಲ್ಲ. ಅಮೆರಿಕದಲ್ಲಿ 1938ರ ಕಾರ್ಮಿಕ ಕಾನೂನಿನ ಒಂದು ಕಲಮು, ವಿಶೇಷ ಪರವಾನಗಿಯಿದ್ದರೆ ಅಂಗವಿಕಲರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಬಹುದೆಂದು ಹೇಳುತ್ತದೆ. ಗುಡ್‌ವಿಲ್‌ನ ಕೆಲವು ಸ್ಥಳೀಯ ಸಂಸ್ಥೆಗಳು ಇದನ್ನು ಬಳಸಿಕೊಂಡವು. 2013ರಲ್ಲಿ ಪತ್ರಿಕೆ, ಟೆಲಿವಿಷನ್‌ಗಳಲ್ಲಿ ಇದು ದೊಡ್ಡ ಗಲಾಟೆಯಾಯಿತು. ಮೇಲಧಿಕಾರಿಗಳ ದೊಡ್ಡ ಸಂಬಳವನ್ನೂ ಜನ ಎತ್ತಿ ಆಡಿದರು. ಹಲವು ರಾಜ್ಯಗಳು ಈಗ ಆ ಪದ್ಧತಿಯನ್ನೇ ನಿಷೇಧಿಸಿವೆ. ಕೆಲಸ ಕಲಿಸುತ್ತೇವೆಂಬ ನೆಪದಲ್ಲಿ ಅರ್ಧ ಕೂಲಿ ಕೊಡುವ ಚಾಳಿ ನಮ್ಮ ಸೀಮೆಗೂ ಹೊಸದಲ್ಲವಾದ್ದರಿಂದ ಇದನ್ನು ಮರೆಮಾಚದೆ ಬರೆದಿದ್ದೇನೆ.

ನಮ್ಮ ದೇಶದಲ್ಲಿ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದದ್ದು ದೆಹಲಿಯ ಗೂಂಜ್ ಸಂಸ್ಥೆ. 1999ರಲ್ಲಿ ಅಂಶು ಗುಪ್ತಾ ಆರಂಭಿಸಿದ್ದು. 2015ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಪಟ್ಟಣದ ಹಳೆಯ ಬಟ್ಟೆಯನ್ನು ವಿಂಗಡಿಸಿ ಹಳ್ಳಿಗೆ ಒಯ್ಯುತ್ತಾರೆ. ಹಳ್ಳಿಯವರು ಕೂತು ಮಾತಾಡಿ, ತಮಗೆ ಬೇಕಾದ ಬಾವಿ, ಕಾಲುಸಂಕ, ರಸ್ತೆ ಯಾವುದೆಂದು ತಾವೇ ತೀರ್ಮಾನಿಸಿ ಮೈಮುರಿದು ದುಡಿಯುತ್ತಾರೆ. ಬಟ್ಟೆಯ ಗಂಟು ಆ ದುಡಿಮೆಗೆ ಸಂದ ಪ್ರತಿಫಲ. ಉಡಲು ಬಾರದ ಹತ್ತಿ ಬಟ್ಟೆ ಶುಚಿಯಾಗಿ ಹೆಂಗಸರ ಮುಟ್ಟಿನ ಬಟ್ಟೆಯಾಗುತ್ತದೆ. (ಈ ಮಾತನ್ನು ಸಂಘದ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಹುಬ್ಬೇರಿಸುವವರು ತಮ್ಮ ತೋಟದ ಹೆಣ್ಣಾಳುಗಳು ಮಳೆಗಾಲದಲ್ಲಿ ಏನು ಮಾಡುತ್ತಾರೆಂದು ಮನೆಯ ಹೆಂಗಸರನ್ನು ಕೇಳಲಿ.)

ಇನ್ನು ನಮ್ಮ ಮಾತು. ತೋಟದ ಕೆಲಸಗಾರರಿಗೆ ಛತ್ರಿ, ಕಂಬಳಿ, ಮಳೆ ಅಂಗಿ ಕೊಡಿಸುವ ನಿಯಮಗಳಿಗೆ 1951ರ ತೋಟ ಕಾರ್ಮಿಕರ ಕಾನೂನಿನಲ್ಲಿ ಅವಕಾಶವಿತ್ತು. ಆದರೆ ಅದು ದೊಡ್ಡ ತೋಟಗಳಿಗೆ. ನಮ್ಮಂಥ ಮೂರು ಎಕರೆ, ಐದು ಎಕರೆಯವರು ಅದರ ಹೊರಗೇ ಉಳಿದೆವು, ನಮ್ಮ ಆಳುಗಳೂ ಉಳಿದರು. ಈಗ ಅಸ್ಸಾಮಿನಿಂದ ಕೊಯ್ಲಿಗೆ ಬಂದವರು ಪುಷ್ಯ ಮಾಸದ ಚಳಿಯಲ್ಲಿ ಒಂದು ಟವೆಲ್ ಹೊದ್ದು ಬೆಂಕಿ ಮುಂದೆ ಕೂತಿರುತ್ತಾರೆ. ಅತ್ತ ನಮ್ಮ ಬೀರುಗಳಲ್ಲಿ ಸ್ವೆಟರಿಗೆ ಬೂಷ್ಟು ಹಿಡಿಯುತ್ತಿದೆ.

ಸಂಘದ ಗೋದಾಮಿನ ಒಂದು ಮೂಲೆ ವರ್ಷದಲ್ಲಿ ಹಲವು ತಿಂಗಳು ಬರಿದಾಗಿರುತ್ತದೆ. ಅಲ್ಲಿ ಸಂತೆಯ ದಿನ ಒಂದು ಹಳೆಯ ಬಟ್ಟೆಯ ಅಂಗಡಿ ತೆರೆಯಬಹುದು. ಒಗೆದು, ಹೊಲಿದು, ಬೆಲೆ ಚೀಟಿ ಹಚ್ಚಿಯೇ ಮಾರುವುದು. ಹೊಲಿಗೆ ಬಲ್ಲ ಇಬ್ಬರು ಹೆಂಗಸರಿಗೆ ಪೂರ್ತಿ ಕೂಲಿ. ಮಿಕ್ಕ ಹಣದಲ್ಲಿ, ಪಿಯುಸಿ ಮುಗಿಸಿ ಮನೆಯಲ್ಲಿ ಕೂತ ಒಬ್ಬ ಹುಡುಗಿಗೆ ಗೌರವಧನ ಕೊಟ್ಟು ಒಂದು ಮೇಜು ಹಾಕಿಸುವುದು: ಇ-ಶ್ರಮ್ ನೋಂದಣಿ, ರೇಷನ್ ಕಾರ್ಡು, ನೌಕರಿ ಅರ್ಜಿಗಳನ್ನು ತುಂಬಿಕೊಡಲು. ಕಚೇರಿಯಲ್ಲಿ ಕೆಲಸ ನಿಂತರೆ ಸಂಘದ ಕಾಗದದಲ್ಲಿ ಪತ್ರ ಬರೆಯೋಣ. ಒಬ್ಬ ಕೂಲಿಯವನ ಅರ್ಜಿಗಿಂತ ಮೊಹರು ಬಿದ್ದ ಪತ್ರಕ್ಕೆ ಬೇಗ ಉತ್ತರ ಬರುತ್ತದೆ, ಇದು ಕಾರ್ಯದರ್ಶಿಯಾಗಿ ನಾನು ಕಂಡುಕೊಂಡದ್ದು.

ಗೊಬ್ಬರ ಮಾರುವ ಸಂಘಕ್ಕೆ ಚಿಂದಿ ವ್ಯಾಪಾರವೇಕೆಂದು ನಿರ್ದೇಶಕರೊಬ್ಬರು ಆಗಲೇ ಕೇಳಿದ್ದಾರೆ. ಅಂತರರಾಷ್ಟ್ರೀಯ ಸಹಕಾರಿ ಒಕ್ಕೂಟ 1995ರಲ್ಲಿ ಒಪ್ಪಿದ ಏಳನೆಯ ತತ್ವ ಸಮುದಾಯದ ಕಾಳಜಿಯೇ ಆಗಿದೆ; ಸಹಕಾರ ಸಪ್ತಾಹದಲ್ಲಿ ನಾವೇ ಅದನ್ನು ಭಾಷಣದಲ್ಲಿ ಹೇಳುತ್ತೇವೆ. ನಷ್ಟದ ಭಯವಿದ್ದರೆ ಮೊದಲ ವರ್ಷ ಸಂಘದ ಹಣ ಒಂದು ರೂಪಾಯಿಯೂ ಬೇಡ, ಮೂಲೆಯನ್ನಷ್ಟೇ ಕೊಡಿ. ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿದ್ದೇನೆ. ಪರವಾಗಿರಲಿ, ವಿರೋಧವಾಗಿರಲಿ, ಸದಸ್ಯರು ತಮ್ಮ ಅಭಿಪ್ರಾಯವನ್ನು ಲಿಖಿತವಾಗಿ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇನೆ. ಬಟ್ಟೆಯನ್ನು ಈಗಲೇ ತರಬೇಡಿ, ಇಡಲು ಜಾಗವಿಲ್ಲ.

— ಕಾರ್ಯದರ್ಶಿ