ಮೊಡವೆ ಟ್ಯೂಬಿಗೂ ಚೀಟಿ ಕೇಳಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮೊಡವೆ ಮತ್ತು ಸುಕ್ಕಿನ ಔಷಧಗಳನ್ನು ಹೋಲಿಸಿ ಬಂದ ಲೇಖನಕ್ಕೆ ನನ್ನ ಬಲವಾದ ಆಕ್ಷೇಪವಿದೆ. ಅಡಾಪಲೀನ್, ಟ್ರೆಟಿನಾಯಿನ್, ಟಾಜರೋಟಿನ್, ಐಸೊಟ್ರೆಟಿನಾಯಿನ್ ನಾಲ್ಕನ್ನೂ ಪವರ್ ಕಮ್ಮಿಯಿಂದ ಜಾಸ್ತಿಗೆ ಎಂಬಂತೆ ಜೋಡಿಸಿ, ಒಂದರಿಂದ ಗುಣ ಕಾಣದಿದ್ದರೆ ಮುಂದಿನದಕ್ಕೆ ಹೋಗಿ ಎಂದು ಅದರಲ್ಲಿ ಹೇಳಲಾಗಿದೆ. ವೈದ್ಯರ ಚೀಟಿಯ ಮಾತು ಎಲ್ಲೂ ಇಲ್ಲ. ಬಸಿರಿನ ಮಾತಂತೂ ಇಲ್ಲವೇ ಇಲ್ಲ. ನಾನು ದಾವಣಗೆರೆಯ ಔಷಧ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್. ಸೋಮವಾರ ಬೆಳಿಗ್ಗೆಯೇ ಆ ಪುಟದ ಫೋಟೊ ಮೊಬೈಲಿನಲ್ಲಿ ತೋರಿಸುತ್ತ ಜನ ಕೌಂಟರಿಗೆ ಬಂದರು.

ಈ ಔಷಧಗಳೆಲ್ಲ ಎ ಜೀವಸತ್ವದ ಬಳಗಕ್ಕೆ ಸೇರಿದವು, ನಿಜ. ಆದರೆ ಒಂದೊಂದರ ಕೆಲಸ ಒಂದೊಂದು. ಟ್ರೆಟಿನಾಯಿನ್‌ಗೆ ಅಮೆರಿಕದಲ್ಲಿ ಮೊಡವೆಯ ಮದ್ದಾಗಿ 1971ರಲ್ಲಿ ಒಪ್ಪಿಗೆ ಸಿಕ್ಕಿತು. ಬಿಸಿಲಿಗೆ ಬಂದ ಸಣ್ಣ ಸುಕ್ಕುಗಳನ್ನೂ ಅದು ತಗ್ಗಿಸುತ್ತದೆಂದು ಗೊತ್ತಾಗಿ, ಅದಕ್ಕೂ ಒಪ್ಪಿಗೆ ಬಂದದ್ದು 1995ರ ಕೊನೆಯಲ್ಲಿ. ಸುಕ್ಕಿನ ವಿಷಯದಲ್ಲಿ ಹೆಚ್ಚು ಪರೀಕ್ಷೆಗೊಳಗಾದ ಔಷಧ ಇದೇ. ಹಾಗಿದ್ದರೂ ಜೋತುಬಿದ್ದ ಕೆನ್ನೆಯನ್ನು ಇದು ಎತ್ತಿ ನಿಲ್ಲಿಸುವುದಿಲ್ಲ. ಅಡಾಪಲೀನ್ ಮೊಡವೆಗೆಂದೇ ಬಂದದ್ದು; ಉರಿ ಕಡಿಮೆ, ಬೆಳಕಿಗೆ ಕೆಡುವುದಿಲ್ಲ, ಬೆಂಜಾಯಿಲ್ ಪೆರಾಕ್ಸೈಡ್ ಜೊತೆಗೂ ಹೊಂದಿಕೊಳ್ಳುತ್ತದೆ. ಟಾಜರೋಟಿನ್ ಇವೆರಡಕ್ಕಿಂತ ಹೆಚ್ಚು ಉರಿ ತರುವಂಥದ್ದು. ಐಸೊಟ್ರೆಟಿನಾಯಿನ್ ಹೊಟ್ಟೆಗೆ ತೆಗೆದುಕೊಳ್ಳುವ ಕ್ಯಾಪ್ಸೂಲ್. ಗಂಟುಗಟ್ಟಿ ಕಲೆ ಉಳಿಸುವ ತೀವ್ರ ಮೊಡವೆಗೆ ರಕ್ತಪರೀಕ್ಷೆ ಮಾಡಿಸಿಕೊಂಡು ವೈದ್ಯರು ಕೊಡುವ ಔಷಧವದು. ಅದನ್ನು ಸುಕ್ಕಿನ ಪಟ್ಟಿಯಲ್ಲಿ ಸೇರಿಸಿದ್ದೇ ತಪ್ಪು.

ಪವರ್ ಜಾಸ್ತಿಯಾದರೆ ಗುಣ ಬೇಗ ಎಂಬ ನಂಬಿಕೆ ನಮ್ಮಂಥ ಕಂದು ಚರ್ಮದವರಿಗೆ ತುಂಬ ದುಬಾರಿ. ಉರಿದು ಕೆಂಪಾದ ಜಾಗ ನಮ್ಮಲ್ಲಿ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದಕ್ಕೇ ಟ್ರೆಟಿನಾಯಿನ್ ಅನ್ನು 0.025 ಶೇಕಡಾದಿಂದ ಶುರುಮಾಡಿಸುತ್ತಾರೆ. ರಾತ್ರಿ ಮುಖ ತೊಳೆದು, ಚೆನ್ನಾಗಿ ಒಣಗಿದ ಮೇಲೆ, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು. ಮೊದಲು ದಿನ ಬಿಟ್ಟು ದಿನ. ಹಗಲು ಸನ್‌ಸ್ಕ್ರೀನ್. ಆರಂಭದ ವಾರಗಳಲ್ಲಿ ಸಿಪ್ಪೆ ಏಳುತ್ತದೆ, ಮೊಡವೆ ಕೆರಳುವುದೂ ಉಂಟು. ಮೊಡವೆ ತಗ್ಗಲು ಎರಡು ಮೂರು ತಿಂಗಳು ಬೇಕು, ಸುಕ್ಕಿಗೆ ಅದಕ್ಕಿಂತಲೂ ಹೆಚ್ಚು.

ಸೋಮವಾರ ಬಂದವರಲ್ಲಿ ಒಬ್ಬ ತಾಯಿ, ಜೊತೆಗೆ ಮಗಳು. ‘ಮದುವಿಗೆ ಇನ್ನ ಮೂರೇ ವಾರ ಐತ್ರಿ ಮೇಡಂ, ಪವರ್ ಜಾಸ್ತಿ ಇರೋದು ಕೊಡ್ರಿ’ ಎಂದರು. ಈಗ ಹಚ್ಚಿದರೆ ಅರಿಶಿನ ಶಾಸ್ತ್ರದ ಹೊತ್ತಿಗೆ ಮುಖ ಸಿಪ್ಪೆ ಏಳುತ್ತಿರುತ್ತದೆ, ಅರಿಶಿನ ತಾಗಿದರೆ ಉರಿಯುತ್ತದೆ ಎಂದೆ. ಮಗಳು ಮೆಲ್ಲಗೆ ‘ಹಂಗಾರೆ ಮಾತ್ರೆ ಕೊಡ್ರಿ’ ಎಂದಳು. ಪಟ್ಟಿಯ ಕೊನೆಯ ಹೆಸರನ್ನೇ ಬೆರಳಿಟ್ಟು ತೋರಿಸಿದಳು. ಚೀಟಿ ಇಲ್ಲದೆ ಕೊಡಲಾಗದು ಎಂದಾಗ ಇಬ್ಬರೂ ಎದುರಿನ ಅಂಗಡಿಗೆ ಹೋಗಿ, ಐದು ನಿಮಿಷದಲ್ಲಿ ಪೊಟ್ಟಣ ಹಿಡಿದು ಹೊರಟರು. ಅದರಲ್ಲಿ ಏನಿತ್ತೆಂದು ನನಗೆ ಗೊತ್ತಿಲ್ಲ. ಈಗಲೂ ಅದೇ ಚಿಂತೆ.

ಏಕೆಂದರೆ ಐಸೊಟ್ರೆಟಿನಾಯಿನ್ ಬಸಿರಿನಲ್ಲಿ ಹೊಟ್ಟೆ ಸೇರಿದರೆ ಮಗುವಿನ ಮಿದುಳು, ಹೃದಯ, ಕಿವಿ, ಮುಖ ಸರಿಯಾಗಿ ರೂಪುಗೊಳ್ಳದೆ ಹೋಗಬಹುದು. ಗರ್ಭ ನಿಂತದ್ದು ಹೆಣ್ಣುಮಗಳಿಗೆ ಗೊತ್ತಾಗುವ ಮೊದಲೇ ಈ ಹಾನಿ ಆಗಿಬಿಡಬಹುದು. ಔಷಧ ನಿಲ್ಲಿಸಿ ಒಂದು ತಿಂಗಳು ಕಳೆಯುವವರೆಗೂ ಗರ್ಭ ಧರಿಸಬಾರದು. ಟಾಜರೋಟಿನ್ ಹಚ್ಚುವುದೂ ಬಸಿರಿನಲ್ಲಿ ನಿಷಿದ್ಧ. ಉಳಿದೆರಡನ್ನೂ ಬೇಡವೆನ್ನುತ್ತಾರೆ ವೈದ್ಯರು. ಅಮೆರಿಕದಲ್ಲಿ ಗರ್ಭ ಧರಿಸಬಲ್ಲ ಹೆಣ್ಣುಮಕ್ಕಳಿಗೆ ಈ ಕ್ಯಾಪ್ಸೂಲ್ ಕೊಡುವ ಮುನ್ನ ಗರ್ಭಪರೀಕ್ಷೆ ಕಡ್ಡಾಯ. ನಮ್ಮಲ್ಲಿ ಇದಕ್ಕೆ ಹೆಚ್ಚಾಗಿ ಆಸೆಪಡುವವರು ಮದುವೆ ಗೊತ್ತಾದ ಹುಡುಗಿಯರು. ಪುರವಣಿಯ ಇಡೀ ಪುಟದಲ್ಲಿ ಈ ಎಚ್ಚರಿಕೆಗೊಂದು ಸಾಲು ಜಾಗ ಸಿಗದೆ ಹೋದದ್ದು ನನಗೆ ತಡೆಯಲಾಗದ ಸಂಕಟ.

ಟ್ರೆಟಿನಾಯಿನ್ ಹೆಸರಿನಲ್ಲೇ ಇನ್ನೊಂದು ಅನ್ಯಾಯ ನಡೆದಿದೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೊಂದು ಸ್ಟೀರಾಯ್ಡ್ ಬೆರೆಸಿದ ಕ್ರೀಮು ಭಂಗಿನ ಕಲೆಗೆ ಕೆಲವೇ ವಾರ ಬಳಸಬೇಕಾದದ್ದು. ಅದನ್ನು ಬೆಳ್ಳಗಾಗುವ ಕ್ರೀಮೆಂದು ವರ್ಷಗಟ್ಟಲೆ ಹಚ್ಚುತ್ತಾರೆ. ಮೊದಲು ಮುಖ ತಿಳಿಯಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ ನರ ಕಾಣುತ್ತದೆ, ಕೂದಲು ಬರುತ್ತದೆ, ಬಿಟ್ಟರೆ ಬೆಂಕಿಯಂಥ ಉರಿ. ಹಚ್ಚುವ ಸ್ಟೀರಾಯ್ಡುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಷೆಡ್ಯೂಲ್ ಎಚ್‌ಗೆ, ಎಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ಅಕ್ಕಪಕ್ಕದವರ ಖಾಲಿ ಟ್ಯೂಬ್ ತಂದು ‘ಇಂಥದ್ದೇ ಕೊಡ್ರಿ’ ಎನ್ನುವವರು ನಿಂತಿಲ್ಲ.

ತಾಲ್ಲೂಕುಗಳಲ್ಲಿ ಚರ್ಮದ ಡಾಕ್ಟರು ಎಲ್ಲಿ ಸಿಗುತ್ತಾರೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಸಾಧಾರಣ ಮೊಡವೆಗೆ ಹತ್ತಿರದ ಎಂಬಿಬಿಎಸ್ ವೈದ್ಯರ ಚೀಟಿಯೂ ನಡೆಯುತ್ತದೆ. ಅಮೆರಿಕದಲ್ಲಿ ಅಡಾಪಲೀನ್ ಚೀಟಿಯಿಲ್ಲದೆ ಸಿಗುತ್ತದಲ್ಲ ಎಂದೂ ಕೆಲವರು ವಾದಿಸುತ್ತಾರೆ. ಹೌದು, 2016ರಿಂದ, 0.1 ಶೇಕಡಾದ ಜೆಲ್ ಮಾತ್ರ. ಜನ ಲೇಬಲ್ ಓದಿ ಅರ್ಥ ಮಾಡಿಕೊಳ್ಳುತ್ತಾರೆಯೇ ಎಂಬುದನ್ನು ಪರೀಕ್ಷಿಸಿದ ಮೇಲೆ ಅಲ್ಲಿ ಹಾಗೆ ಬಿಟ್ಟರು. ನಮ್ಮ ಕೌಂಟರಿಗೆ ಬರುವವರಲ್ಲಿ ಎಷ್ಟೋ ಜನಕ್ಕೆ ಟ್ಯೂಬಿನ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರ ಓದಲು ಬಾರದು.

ರಾಜ್ಯದ ಔಷಧ ನಿಯಂತ್ರಣ ಇಲಾಖೆ ನಿದ್ದೆ ಮಾತ್ರೆಗೆ ತೋರುವ ಬಿಗಿಯನ್ನು ಈ ಟ್ಯೂಬ್, ಕ್ಯಾಪ್ಸೂಲುಗಳಿಗೂ ತೋರಲಿ. ಬಸಿರಿನ ಎಚ್ಚರಿಕೆ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಇರಬೇಕೆಂದು ಸರ್ಕಾರ ಕೇಂದ್ರವನ್ನು ಒತ್ತಾಯಿಸಲಿ. ನಿಮ್ಮ ಪತ್ರಿಕೆ ಬರುವ ಭಾನುವಾರ ಅದೇ ಪುಟದಲ್ಲಿ, ಅಷ್ಟೇ ದೊಡ್ಡದಾಗಿ, ಚರ್ಮರೋಗ ತಜ್ಞರಿಂದ ತಿದ್ದುಪಡಿ ಬರೆಸಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ದಾವಣಗೆರೆ